ಜರ್ಮನಿಗೆ ಹೊರಟ ಮುಳುಗಡೆ ನಾಟಕ: ಯಕ್ಷಗಾನ ಸೇರಿಸಬೇಕಾ?

ಪ್ರಶ್ನೆ: ನಾವು ಸಾಗರದ ಕಡೆಯ ಹವ್ಯಾಸಿ ತಂಡದವರು. ಶರಾವತಿ ಮುಳುಗಡೆಯಲ್ಲಿ ಮನೆ ಕಳೆದುಕೊಂಡ ಒಂದು ಗೇಣಿ ಕುಟುಂಬದ ಬಗ್ಗೆ ನಾವೇ ಕಟ್ಟಿದ ನಾಟಕ ಒಂದಿದೆ. ಒಂದೂಮುಕ್ಕಾಲು ಗಂಟೆಯದು. ಅದಕ್ಕೆ ಈಗ ಜರ್ಮನಿಯ ಒಂದು ಸಣ್ಣ ನಾಟಕೋತ್ಸವದಿಂದ ಕರೆ ಬಂದಿದೆ. ಎಪ್ಪತ್ತು ನಿಮಿಷಕ್ಕೆ ಇಳಿಸಲು ಆಗುತ್ತದಾ ಅಂತ ಕೇಳಿದ್ದಾರೆ. ಸ್ವಲ್ಪ ಯಕ್ಷಗಾನ ಸೇರಿಸಿದರೆ ಇನ್ನೂ ಚೆನ್ನ ಅಂತಲೂ ಬರೆದಿದ್ದಾರೆ. ನಮ್ಮ ತಂಡದಲ್ಲೇ ಕೆಲವರು ಅರ್ಧ ಮಾತನ್ನು ಇಂಗ್ಲಿಷಿನಲ್ಲಿ ಆಡೋಣ ಅನ್ನುತ್ತಿದ್ದಾರೆ. ಕನ್ನಡ ಗೊತ್ತೇ ಇಲ್ಲದವರ ಮುಂದೆ ಹೇಗೆ ಆಡುವುದು ಸರ್? ಏನು ಬದಲಿಸಬೇಕು, ಏನು ಬಿಡಬೇಕು?

ಉತ್ತರ:

ಮೊದಲು ಯಕ್ಷಗಾನದ ಮಾತು ಮುಗಿಸಿಬಿಡೋಣ. ಸೇರಿಸಬೇಡಿ. ಈಗಾಗಲೇ ನಾಟಕದಲ್ಲಿ ಇದ್ದರೆ, ಅಂದರೆ ಆ ಮನೆಯವನಿಗೆ ಆಟದ ಹುಚ್ಚು ಇದ್ದರೆ, ಅಥವಾ ಮುಳುಗುವ ಊರಿನಲ್ಲಿ ಕೊನೆಯದಾಗಿ ಒಂದು ಬಯಲಾಟ ನಡೆಯುವುದು ಕತೆಯ ಭಾಗವೇ ಆಗಿದ್ದರೆ, ಅದು ಬೇರೆ. ಪತ್ರದಲ್ಲಿ ಕೇಳಿದರು ಅಂತ ಇಬ್ಬರಿಗೆ ಕಿರೀಟ ಕಟ್ಟಿಸಿ ಕುಣಿಸಿದರೆ ಏನಾಗುತ್ತದೆ ಗೊತ್ತಾ? ಇಡೀ ನಾಟಕದಲ್ಲಿ ಆ ಹತ್ತು ನಿಮಿಷಕ್ಕೇ ಜಾಸ್ತಿ ಚಪ್ಪಾಳೆ ಬೀಳುತ್ತದೆ. ಮಾರನೇ ದಿನದ ಪತ್ರಿಕೆಯಲ್ಲಿ ಬರುವ ಫೋಟೋನೂ ಅದೇ. ಮನೆ ಮುಳುಗಿದ ಮುದುಕಿ ಆ ಕಿರೀಟದ ಹಿಂದೆ ಎಲ್ಲೋ ಮರೆಯಾಗಿ ಹೋಗಿರುತ್ತಾಳೆ.

ಹೊರದೇಶಕ್ಕೆ ಹೊರಟ ತಂಡಗಳೆಲ್ಲ ಹೆದರುವುದು ‘ಅವರಿಗೆ ಅರ್ಥ ಆಗದಿದ್ದರೆ?’ ಅಂತ. ನನಗೆ ಆ ಹೆದರಿಕೆ ಹೋಗಿ ಬಹಳ ಕಾಲ ಆಯಿತು. ಈಗ ನಾನು ಹೆದರುವುದು ಅವರು ತೀರಾ ಸುಲಭವಾಗಿ ಮೆಚ್ಚಿಕೊಂಡುಬಿಟ್ಟರೆ ಅಂತ. ಬಣ್ಣ, ಚೆಂಡೆ, ದೀಪ, ಅರಿಶಿನ ಕುಂಕುಮ, ಜೊತೆಗೆ ಒಂದು ಶ್ಲೋಕ. ಇಷ್ಟಿದ್ದರೆ ಮೆಚ್ಚುಗೆ ಖಂಡಿತ ಸಿಗುತ್ತದೆ. ಆದರೆ ಅದು ನಿಮ್ಮ ನಾಟಕಕ್ಕೆ ಸಿಕ್ಕ ಮೆಚ್ಚುಗೆ ಅಲ್ಲ. ಅವರ ತಲೆಯಲ್ಲಿ ಮೊದಲೇ ಇದ್ದ ಒಂದು ಭಾರತಕ್ಕೆ ಸಿಕ್ಕಿದ್ದು.

ಪತ್ರ ಬರೆದವರ ಮೇಲೆ ಸಿಟ್ಟು ಬೇಡ. ಅವರಿಗೆ ಟಿಕೆಟ್ ಮಾರಬೇಕು, ಕರಪತ್ರಕ್ಕೆ ಒಂದು ಚಿತ್ರ ಬೇಕು. ಕರ್ನಾಟಕ, ರಂಗಭೂಮಿ ಅಂತ ಹುಡುಕಿದರೆ ಅವರ ಕಣ್ಣಿಗೆ ಮೊದಲು ಬೀಳುವುದು ಯಕ್ಷಗಾನವೇ, ಸುಮ್ನೆ ಕೇಳಿದ್ದಾರೆ. ‘ನಮ್ಮ ನಾಟಕದಲ್ಲಿ ಅದಕ್ಕೆ ಜಾಗ ಇಲ್ಲ, ಅದರ ಬದಲು ಇದು ಇದೆ’ ಅಂತ ಮರ್ಯಾದೆಯಾಗಿ ಎರಡು ಸಾಲು ಬರೆದು, ನಿಮ್ಮ ನಾಟಕದ ಎರಡು ಒಳ್ಳೆಯ ಫೋಟೋ ಕಳಿಸಿ. ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತದೆ. ಮುಗಿಯದಿದ್ದರೆ ಅವರು ಕರೆದದ್ದು ನಿಮ್ಮ ನಾಟಕವನ್ನಲ್ಲ ಅಂತಾಯಿತು. ಅದು ಈಗಲೇ ಗೊತ್ತಾಗುವುದು ಒಳ್ಳೆಯದೇ ಅಲ್ವಾ.

ಹಾಗಂತ ಭಾಷೆ ಬಾರದವರಿಗೆ ಯಕ್ಷಗಾನ ತೋರಿಸುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಶಿವರಾಮ ಕಾರಂತರು ಅದನ್ನು ಹಟ ಹಿಡಿದು ಮಾಡಿದರು. ಅವರ ಯಕ್ಷರಂಗ ತಂಡದಲ್ಲಿ ಮಾತು ಹಿಂದೆ ಸರಿಯಿತು. ಹಾಡು, ಕುಣಿತ, ಅಭಿನಯದ ಮೇಲೇ ಪ್ರಸಂಗ ನಿಂತಿತು. ವಯಲಿನ್ ಬಂತು, ಸ್ಯಾಕ್ಸೋಫೋನ್ ಕೂಡ ಬಂತು. ಕರಾವಳಿಯಲ್ಲಿ ಅದನ್ನು ಒಪ್ಪದವರು ಬೇಕಾದಷ್ಟು ಜನ ಇದ್ದರು. ತಾಳಮದ್ದಳೆ ಕೇಳಿ ಬೆಳೆದವರಿಗೆ ಅರ್ಥಗಾರಿಕೆ ಇಲ್ಲದ ಯಕ್ಷಗಾನ ಅಂದರೆ ಅರ್ಧ ಊಟಕ್ಕೇ ಎಲೆ ಎತ್ತಿದ ಹಾಗೆ. ನಾನೂ ಅದೇ ಪಕ್ಷ. ಆದರೂ ಕಾರಂತರು ಅದರ ಜೊತೆ ದಶಕಗಳ ಕಾಲ ಗುದ್ದಾಡಿದರು. ಅದು ಅವರದೇ ಹುಡುಕಾಟವಾಗಿತ್ತು. ಉತ್ಸವದವರು ಕೇಳಿದರು ಅಂತ ಎರಡು ವಾರದಲ್ಲಿ ಅಂಟಿಸಿಕೊಂಡದ್ದಲ್ಲ.

ಈಗ ನಿಮ್ಮ ಕತೆಗೆ ಬರೋಣ. ‘ಜರ್ಮನಿಯವರಿಗೆ ಮುಳುಗಡೆ ಅಂದರೆ ಏನು ಗೊತ್ತು’ ಅಂತ ನೀವು ಅಂದುಕೊಂಡಿರುವ ಹಾಗಿದೆ. ಅವರಿಗೆ ಚೆನ್ನಾಗಿ ಗೊತ್ತು. ಹೆಸ್ಸೆ ರಾಜ್ಯದಲ್ಲಿ ಈಡರ್ ಅಂತ ಒಂದು ನದಿ ಇದೆ. ಅದಕ್ಕೆ ಕಟ್ಟಿದ ಅಣೆಕಟ್ಟು 1914ರಲ್ಲಿ ಮುಗಿಯಿತು, ಆಸೆಲ್, ಬೆರಿಷ್, ಬ್ರಿಂಗ್‌ಹೌಸನ್ ಅನ್ನುವ ಹಳ್ಳಿಗಳು ನೀರಿನಡಿ ಹೋದವು. ನೀರು ಇಳಿದ ವರ್ಷ ಆಸೆಲ್‌ನ ಹಳೇ ಕಲ್ಲಿನ ಸೇತುವೆ ಮೇಲೆ ಬರುತ್ತದೆ, ಜನ ಅದರ ಮೇಲೆ ನಡೆದು ನೋಡಲು ಹೋಗುತ್ತಾರೆ. ನಿಮ್ಮ ಲಿಂಗನಮಕ್ಕಿಯಲ್ಲಿ ಬೇಸಿಗೆಗೆ ನೀರು ತಗ್ಗಿದಾಗ ಮಡೆನೂರಿನ ಹಳೇ ಅಣೆಕಟ್ಟು ಎದ್ದು ಕಾಣುತ್ತದಲ್ಲ, ಹಾಗೇ. ಪೂರ್ವದ ಲೌಸಿಟ್ಸ್ ಕಡೆ ಕಂದು ಕಲ್ಲಿದ್ದಲಿಗೋಸ್ಕರ ಹಳ್ಳಿ ಹಳ್ಳಿಗಳನ್ನೇ ಅಗೆದು ಹಾಕಿದ್ದಾರೆ. ಅವುಗಳಲ್ಲಿ ಎಷ್ಟೋ ಸೋರ್ಬ್ ಜನರ ಹಳ್ಳಿಗಳು. ಅವರು ತಮ್ಮದೇ ಭಾಷೆ ಇರುವ ಸಣ್ಣ ಸಮುದಾಯ. ಊರಿನ ಜೊತೆ ಆ ಭಾಷೆ ಆಡುವ ಜಗಲಿಗಳೂ ಹೋದವು. ತೀರಾ ಹಳೇ ಕತೆಯೂ ಅಲ್ಲ. 2023ರ ಜನವರಿಯಲ್ಲಿ ಪಶ್ಚಿಮದ ಲ್ಯುಟ್ಸೆರಾತ್ ಅನ್ನುವ ಹಳ್ಳಿಯನ್ನು ಗಣಿಗಾಗಿ ತೆರವು ಮಾಡಿಸಲು ಪೊಲೀಸರು ಬಂದಾಗ ಮರದ ಮೇಲೆ ಕೂತವರನ್ನು ಇಳಿಸಿದ ದೃಶ್ಯ ಟಿವಿಯಲ್ಲಿ ಎಲ್ಲರೂ ನೋಡಿದ್ದಾರೆ.

ಇದನ್ನೆಲ್ಲ ನಾಟಕದೊಳಗೆ ತುರುಕಿ ಅಂತ ಹೇಳುತ್ತಿಲ್ಲ. ದಯವಿಟ್ಟು ತುರುಕಬೇಡಿ. ಒಂದು ಪಾತ್ರದ ಬಾಯಲ್ಲೂ ಈಡರ್ ಹೆಸರು ಬರಕೂಡದು. ಇದು ನಿಮಗೆ ಗೊತ್ತಿರಲಿ ಅಂತ ಹೇಳಿದೆ, ಯಾಕೆಂದರೆ ಎದುರಿಗೆ ಕೂರುವವರು ಏನೂ ಅರಿಯದವರು ಅಂದುಕೊಂಡ ನಿರ್ದೇಶಕ ಪಾಠ ಮಾಡಲು ಶುರು ಮಾಡುತ್ತಾನೆ. ‘ನಮ್ಮ ದೇಶದಲ್ಲಿ ಭೂಮಿಯನ್ನು ತಾಯಿ ಅನ್ನುತ್ತೇವೆ’ ಅಂತ ಒಂದು ಸೂತ್ರಧಾರನ ಮಾತು ಬರುತ್ತದೆ. ಸಾಗರದಲ್ಲಿ ಆಡುವಾಗ ಆ ಮಾತು ಇರಲಿಲ್ಲ, ಬೇಕೂ ಇರಲಿಲ್ಲ. ನಿಮ್ಮ ನಾಟಕ ಒಂದು ಮನೆಯದು, ಒಂದು ಕೊಟ್ಟಿಗೆಯದು, ನಾಲ್ಕು ಜನರದು. ಅದು ಅಲ್ಲೂ ಅಷ್ಟೇ ಇರಲಿ. ದೇಶ ತೋರಿಸುವ ಕೆಲಸಕ್ಕೆ ಪ್ರವಾಸೋದ್ಯಮ ಇಲಾಖೆ ಇದೆ.

ಅವರಿಗೆ ನಿಜಕ್ಕೂ ತಿಳಿಯದ ಸಂಗತಿಗಳೂ ಇವೆ. ಮುಖ್ಯವಾದದ್ದು ಗೇಣಿ. ಮನೆ ಇವರದು, ಬೆವರು ಇವರದು, ಜಮೀನು ಮಾತ್ರ ಬೇರೆಯವರದು. ಹಾಗಾಗಿ ಪರಿಹಾರದ ಕಾಗದದಲ್ಲಿ ಇವರ ಹೆಸರೇ ಇಲ್ಲ. ಇದು ಮೊದಲ ಇಪ್ಪತ್ತು ನಿಮಿಷದೊಳಗೆ ನೋಡುವವರಿಗೆ ತಲುಪದಿದ್ದರೆ ಕೊನೆಯಲ್ಲಿ ಮುದುಕಿ ಯಾರ ಮೇಲೆ ಕೂಗಾಡುತ್ತಿದ್ದಾಳೆ ಅಂತ ಗೊತ್ತಾಗುವುದಿಲ್ಲ. ಎರಡನೆಯದು ನೀರು ಎಲ್ಲಿಯವರೆಗೆ ಬರುತ್ತದೆ ಅನ್ನುವುದು. ಸರ್ವೆಯವರು ಬಂದು ಗುರುತು ಹಾಕುವ ದೃಶ್ಯ ನಿಮ್ಮಲ್ಲಿ ಇರಲೇಬೇಕು, ಮುಳುಗಡೆಯ ಯಾರ ಮನೆಗೆ ಹೋಗಿ ಕೇಳಿದರೂ ಅದನ್ನೇ ಮೊದಲು ಹೇಳುತ್ತಾರೆ. ಆ ಗುರುತು ರಂಗದ ಮೇಲೆ ಕಣ್ಣಿಗೆ ಕಾಣುವಂತೆ ಇರಲಿ, ಒಬ್ಬ ನಟನ ತಲೆಗಿಂತ ಮೇಲೆ. ಅಷ್ಟಾದರೆ ಅಣೆಕಟ್ಟಿನ ಬಗ್ಗೆ ಬರುವ ನಾಲ್ಕು ಪುಟದ ಮಾತು ತನ್ನಷ್ಟಕ್ಕೆ ಬಿದ್ದುಹೋಗುತ್ತದೆ. ಸಾಗರದಲ್ಲಿ ಆಡುವಾಗಲೂ ಆ ನಾಲ್ಕು ಪುಟ ಜಾಸ್ತಿಯೇ ಆಗಿದ್ದಿರಬಹುದು, ನೋಡಿ.

ಸೂತಕ, ಮಡಿ, ಯಾರ ಮನೆಯಲ್ಲಿ ಯಾರು ನೀರು ಕುಡಿಯುವುದಿಲ್ಲ, ಇವೆಲ್ಲ? ಅವರಿಗೆ ಪೂರ್ತಿ ತಿಳಿಯುವುದಿಲ್ಲ. ತಿಳಿಯದಿದ್ದರೂ ನಡೆಯುತ್ತದೆ. ಒಬ್ಬಳು ಹೊಸ್ತಿಲ ಆಚೆಯೇ ನಿಂತಳು, ಒಳಗಿನಿಂದ ಯಾರೂ ಬಾ ಅನ್ನಲಿಲ್ಲ. ಇಷ್ಟು ಕಂಡರೆ ಸಾಕು.

ಇಂಗ್ಲಿಷ್ ವಿಷಯ. ಬೇಡ. ಇದಕ್ಕೆ ಕನ್ನಡಾಭಿಮಾನ ಕಾರಣ ಅಲ್ಲ. ನಿಮ್ಮ ನಟರು ಸಾಗರ ಸೀಮೆಯ ಮಾತಿನಲ್ಲಿ ಬೆಳೆದವರು, ಅವರ ಕುತ್ತಿಗೆ, ಕೈ, ಉಸಿರು ಎಲ್ಲ ಆ ಮಾತಿನ ಜೊತೆ ಓಡಾಡುತ್ತವೆ. ಇಂಗ್ಲಿಷ್ ಬಾಯಿಗೆ ಬಂದ ಕೂಡಲೇ ನಟ ವ್ಯಾಕರಣ ನೋಡಿಕೊಳ್ಳುತ್ತಾನೆ, ಮೈ ಮರಗಟ್ಟುತ್ತದೆ. ಇನ್ನೊಂದು, ಜರ್ಮನಿಯ ನೋಡುಗರಿಗೂ ಇಂಗ್ಲಿಷ್ ಮನೆಮಾತಲ್ಲ. ಇಬ್ಬರದೂ ಅಲ್ಲದ ಭಾಷೆಯಲ್ಲಿ ಯಾಕೆ ಒದ್ದಾಡುವುದು? ಕೈಲಾಸಂ ತಮ್ಮ ನಾಟಕಗಳಲ್ಲಿ ಇಂಗ್ಲಿಷ್ ಬೆರೆಸಿದರು ನಿಜ, ಆದರೆ ಅವರ ಕಾಲದ ಓದಿದವರ ಮನೆಗಳಲ್ಲಿ ಜನ ಹಾಗೇ ಮಾತಾಡುತ್ತಿದ್ದರು, ಅದನ್ನೇ ಅವರು ಗೇಲಿ ಮಾಡಿದ್ದು. ನಿಮ್ಮ ಮುಳುಗಡೆಯ ಅಜ್ಜಿ ಯಾವತ್ತು ಹಾಗೆ ಮಾತಾಡಿದ್ದಳು?

ನಾಟಕ ನಿರ್ದೇಶಕ ಹಬೀಬ್ ತನ್ವೀರ್ ಅವರನ್ನು ನೆನೆಯದೆ ಈ ಮಾತು ಮುಂದೆ ಹೋಗುವುದಿಲ್ಲ. ಲಂಡನ್ನಿನ ರಾಡಾ ನಾಟಕಶಾಲೆಯಲ್ಲಿ ಕಲಿತು ಬಂದ ಮನುಷ್ಯ, ಇಂಗ್ಲಿಷ್ ನಾಟಕ ಮಾಡಿಕೊಂಡು ಆರಾಮಾಗಿ ಇರಬಹುದಿತ್ತು. ಛತ್ತೀಸ್‌ಗಢದ ನಾಚಾ ಅನ್ನುವ ಜನಪದ ನಾಟಕದ ಕಲಾವಿದರನ್ನು ಕಟ್ಟಿಕೊಂಡು ಅವರದೇ ಮಾತಿನಲ್ಲಿ ‘ಚರಣದಾಸ ಚೋರ’ ಆಡಿಸಿದರು. 1982ರಲ್ಲಿ ಅದೇ ನಾಟಕ ಫ್ರಿಂಜ್ ಅನ್ನುವ ನಾಟಕೋತ್ಸವಕ್ಕೆ ಎಡಿನ್‌ಬರೋಗೆ ಹೋಗಿ ಫ್ರಿಂಜ್ ಫಸ್ಟ್ ಪ್ರಶಸ್ತಿ ತಗೊಂಡು ಬಂತು. ಛತ್ತೀಸ್‌ಗಢಿ ಡೆಲ್ಲಿಯ ಪ್ರೇಕ್ಷಕರಿಗೇ ಪೂರ್ತಿ ಅರ್ಥ ಆಗುವುದಿಲ್ಲ, ಇನ್ನು ಸ್ಕಾಟ್ಲೆಂಡಿನವರ ಮಾತೇನು. ಆ ನಟರು ಡೆಲ್ಲಿಗೂ ಎಡಿನ್‌ಬರೋಗೂ ತಮ್ಮ ಮಾತು ಬದಲಿಸಿಕೊಳ್ಳಲಿಲ್ಲ ಅನ್ನುವುದನ್ನು ನೀವು ಗಮನಿಸಬೇಕು.

ಇಲ್ಲಿ ಒಂದು ವ್ಯತ್ಯಾಸ ಹೇಳಬೇಕು. ನಾಟಕ ಹೊರಗೆ ಹೋಗುವುದು ಎರಡು ಥರ. ಕೃತಿ ಮಾತ್ರ ಹೋಗಿ ಅಲ್ಲಿನವರು ಆಡುವುದು ಒಂದು. ಕಾರ್ನಾಡರ ‘ಹಯವದನ’ವನ್ನು 1984ರಲ್ಲಿ ವೈಮಾರ್‌ನಲ್ಲಿ ವಿಜಯಾ ಮೆಹ್ತಾ ಜರ್ಮನ್ ನಟರಿಗೆ ಮಾಡಿಸಿದರು. ‘ನಾಗಮಂಡಲ’ 1993ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನ ಗತ್ರಿ ಥಿಯೇಟರಿನಲ್ಲಿ ಇಂಗ್ಲಿಷಿನಲ್ಲಿ ನಡೆಯಿತು. ಅಲ್ಲಿ ಭಾಷೆಯ ತೊಂದರೆ ಇಲ್ಲ, ನಂಬಿಸುವ ತೊಂದರೆ ಇದೆ, ಯಾಕೆಂದರೆ ಅಲ್ಲಿನ ನಟ ನಾಗಪ್ಪನಾಗಿ ತೆವಳಬೇಕು. ನಿಮ್ಮದು ಇನ್ನೊಂದು ಥರ. ನೀವೇ ಹೋಗುತ್ತಿದ್ದೀರಿ. ನಿಮ್ಮ ಅಜ್ಜಿಯ ಪಾತ್ರದವಳು ಕುಕ್ಕರಗಾಲಲ್ಲಿ ಕೂತು ಅಡಿಕೆ ಸುಲಿಯುವ ರೀತಿ ಇದೆಯಲ್ಲ, ಅದನ್ನು ಅಲ್ಲಿನ ಯಾವ ನಟಿಗೂ ಕಲಿಸಲು ಆಗುವುದಿಲ್ಲ. ನಿಮ್ಮ ಬಂಡವಾಳ ಅದು. ಅದನ್ನು ಬಿಟ್ಟು ಇಂಗ್ಲಿಷ್ ಉಚ್ಚಾರಣೆ ತಿದ್ದುತ್ತಾ ಕೂತರೆ ನಷ್ಟ ಯಾರಿಗೆ?

ಹಾಗಾದರೆ ಮಾತು ತಲುಪುವುದು ಹೇಗೆ? ಸರ್‌ಟೈಟಲ್, ಅಂದರೆ ರಂಗದ ಮೇಲ್ಗಡೆ ಪರದೆಯಲ್ಲಿ ಬರುವ ಅನುವಾದ. ಕೆಲವರು ‘ಅದೂ ಬೇಡ, ಒಳ್ಳೆಯ ನಟನೆ ಇದ್ದರೆ ಸಾಕು’ ಅನ್ನುತ್ತಾರೆ. ಉದಾಹರಣೆಗೆ 2012ರಲ್ಲಿ ಲಂಡನ್ನಿನ ಗ್ಲೋಬ್‌ನಲ್ಲಿ ಶೇಕ್ಸ್‌ಪಿಯರ್‌ನ 37 ನಾಟಕಗಳನ್ನು 37 ಭಾಷೆಗಳಲ್ಲಿ ಆಡಿಸಿದ್ದನ್ನು ಎತ್ತುತ್ತಾರೆ. ಹೌದು, ಅಲ್ಲಿ ಸಾಲು ಸಾಲಿಗೆ ಅನುವಾದ ಇರಲಿಲ್ಲ, ದೃಶ್ಯಕ್ಕೊಂದು ಸಾರಾಂಶ ಮಾತ್ರ ಇತ್ತು. 2006ರಲ್ಲಿ ಇಂಗ್ಲೆಂಡಿನ ನಿರ್ದೇಶಕ ಟಿಮ್ ಸಪಲ್ ನಮ್ಮ ಉಪಖಂಡದ ನಟರಿಂದ ಹಲವು ಭಾಷೆಗಳಲ್ಲಿ ‘ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ ಮಾಡಿಸಿದಾಗಲೂ ಜನ ಮುಗಿಬಿದ್ದು ನೋಡಿದರು. ಆದರೆ ಆ ಕತೆಗಳೆಲ್ಲ ಅವರಿಗೆ ಶಾಲೆಯಲ್ಲೇ ಪರಿಚಯ. ನಮ್ಮ ಹಳ್ಳಿಯಲ್ಲಿ ಕುರುಕ್ಷೇತ್ರ ಆಡಿದರೆ ಯಾರೂ ಕತೆ ಕೇಳುವುದಿಲ್ಲವಲ್ಲ, ಅಷ್ಟೇ. ಶರಾವತಿಯ ಒಂದು ಗೇಣಿ ಮನೆಯ ಕತೆ ಅಲ್ಲಿ ಯಾರಿಗೆ ಗೊತ್ತು? ನಿಮಗೆ ಸರ್‌ಟೈಟಲ್ ಬೇಕೇ ಬೇಕು.

ಅದನ್ನು ಕೊನೆ ವಾರದ ಕೆಲಸ ಅಂತ ಮಾತ್ರ ತಿಳಿಯಬೇಡಿ. ಎಷ್ಟೋ ಒಳ್ಳೆಯ ನಾಟಕಗಳು ಹೊರಗೆ ಹೋಗಿ ಸೋತದ್ದು ಇಲ್ಲೇ. ಇಡೀ ಸ್ಕ್ರಿಪ್ಟನ್ನು ಯಾರೋ ಇಂಗ್ಲಿಷ್ ಪ್ರೊಫೆಸರ್ ಚೆಂದವಾಗಿ ಅನುವಾದ ಮಾಡಿಕೊಡುತ್ತಾರೆ, ಅದನ್ನು ಹಾಗೇ ಪರದೆಗೆ ಏರಿಸುತ್ತಾರೆ. ನೋಡುವವರು ಪಾಪ ಎರಡು ಗಂಟೆ ತಲೆ ಮೇಲೆತ್ತಿ ಓದುತ್ತಾರೆ. ನಟರ ಮುಖ ನೋಡುವುದೇ ಇಲ್ಲ. ನೀವು ಅರ್ಧಕ್ಕರ್ಧ ಕತ್ತರಿಸಿ. ಒಂದು ಸಲಕ್ಕೆ ಎರಡು ಗಿಡ್ಡ ಸಾಲು, ಅದಕ್ಕಿಂತ ಹೆಚ್ಚು ಬೇಡ. ನಟ ಕೈಯಲ್ಲಿ ತೋರಿಸಿದ್ದನ್ನು ಬರೆಯಬೇಡಿ. ‘ಹೂಂ’, ‘ಬಾ’, ‘ಇಲ್ಲ’ ಬರೆಯಬೇಡಿ. ಜಗಳದಲ್ಲಿ ನಾಲ್ಕು ಜನ ಒಟ್ಟಿಗೆ ಕೂಗುವಾಗ ಒಂದೇ ಒಂದು ಸಾಲು ಹಾಕಿ, ಯಾವ ಸಾಲು ಅಂತ ನಿರ್ದೇಶಕರಾದ ನೀವೇ ಆರಿಸಬೇಕು. ಹಾಡಿಗೆ ಪೂರ್ತಿ ಸಾಹಿತ್ಯ ಬೇಡ. ಶುರುವಿನಲ್ಲಿ ಒಮ್ಮೆ ಭಾವ ಹೇಳಿ, ಆಮೇಲೆ ಪರದೆ ಖಾಲಿ ಬಿಡಿ. ಖಾಲಿ ಪರದೆ ಕಂಡರೆ ಕಣ್ಣು ತಾನಾಗಿ ರಂಗಕ್ಕೆ ಇಳಿಯುತ್ತದೆ. ಅಜ್ಜಿ ಮನೆ ಬಿಡುವ ದೃಶ್ಯದಲ್ಲಿ ಒಂದಕ್ಷರವೂ ಇರದಿದ್ದರೆ ಒಳ್ಳೆಯದು.

ನಗೆಮಾತಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ನಟ ಬಾಯಿ ತೆರೆಯುವ ಮೊದಲೇ ಪರದೆಯಲ್ಲಿ ಜೋಕು ಬಂದುಬಿಟ್ಟರೆ ಜನ ಮೊದಲು ನಗುತ್ತಾರೆ, ಆ ನಗೆಯಲ್ಲಿ ನಟ ಮಾತು ಹೇಳುತ್ತಾನೆ, ಯಾರಿಗೂ ಕೇಳುವುದಿಲ್ಲ. ತಡವಾಗಿ ಬಂದರೆ ಮುಂದಿನ ದುಃಖದ ಮಾತಿಗೆ ನಗು ಬೀಳುತ್ತದೆ. ಹಾಗಾಗಿ ಗುಂಡಿ ಒತ್ತುವವರು ಕನ್ನಡ ಬಲ್ಲವರೇ ಆಗಿರಬೇಕು, ತಾಲೀಮಿಗೆ ದಿನಾ ಬಂದು ಕೂತಿರಬೇಕು, ನಟನ ಉಸಿರು ಗುರುತು ಹಿಡಿಯುವಂತಿರಬೇಕು. ಅವರನ್ನು ತಾಂತ್ರಿಕ ಸಹಾಯಕ ಅಂತ ನೋಡದೆ, ತಂಡದ ಒಬ್ಬ ನಟ ಅಂತಲೇ ಎಣಿಸಿ ಟಿಕೆಟ್ ಮಾಡಿಸಿ. ಇನ್ನು ನಮ್ಮ ನಟರ ಒಂದು ಚಟ ಇದೆಯಲ್ಲ, ಜನ ನಕ್ಕರೆ ಸ್ಥಳದಲ್ಲೇ ಎರಡು ಮಾತು ಸೇರಿಸುವುದು, ಅದನ್ನು ಅಲ್ಲಿ ಬಿಡಿಸಬೇಕು. ಸೇರಿಸಿದ ಮಾತಿಗೆ ಪರದೆಯಲ್ಲಿ ಸಾಲು ಇರುವುದಿಲ್ಲ, ಅಲ್ಲಿಂದ ಮುಂದೆ ಎಲ್ಲ ತಪ್ಪುತ್ತಾ ಹೋಗುತ್ತದೆ.

ಯಾವ ಭಾಷೆಯಲ್ಲಿ ಬರಬೇಕು ಅಂತಲೂ ಈಗಲೇ ಕೇಳಿಕೊಳ್ಳಿ. ಸಣ್ಣ ಊರಾದರೆ ಜರ್ಮನ್ ಬೇಕು, ಇಂಗ್ಲಿಷ್ ಸಾಲದು. ಕಿಟ್ಟೆಲ್ 1894ರಲ್ಲಿ ಕನ್ನಡ ನಿಘಂಟು ಕೊಟ್ಟ ದೇಶ ಅಂತ ಕನ್ನಡದಿಂದ ನೇರ ಜರ್ಮನ್ ಮಾಡುವವರು ಬೀದಿಗೊಬ್ಬರು ಸಿಗುವುದಿಲ್ಲ. ಇಂಗ್ಲಿಷ್ ಮೂಲಕವೇ ಹೋಗಬೇಕಾಗಬಹುದು. ಹಾಗಾದರೆ ಇಂಗ್ಲಿಷಿನ ಸಾಲು ಆದಷ್ಟು ಸರಳ ಇರಲಿ, ಮತ್ತು ಜರ್ಮನ್ ಮಾಡುವವರಿಗೆ ನಾಟಕದ ವಿಡಿಯೊ ಕಳಿಸಿ. ಬರೀ ಕಾಗದ ನೋಡಿ ಮಾಡಿದ ಅನುವಾದದಲ್ಲಿ ಅಜ್ಜಿಯೂ ಅಮಲ್ದಾರನೂ ಒಂದೇ ಥರ ಮಾತಾಡುತ್ತಾರೆ.

ಎಪ್ಪತ್ತು ನಿಮಿಷದ ಮಾತು. ‘ಅವರಿಗೆ ತಾಳ್ಮೆ ಇಲ್ಲ’ ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ. ಸುಳ್ಳು. ಇಂಗ್ಲೆಂಡಿನ ನಿರ್ದೇಶಕ ಪೀಟರ್ ಬ್ರೂಕ್ 1985ರಲ್ಲಿ ಫ್ರಾನ್ಸಿನ ಅವಿನ್ಯೋನ್ ಹತ್ತಿರದ ಒಂದು ಕಲ್ಲುಗಣಿಯಲ್ಲಿ ‘ಮಹಾಭಾರತ’ ಆಡಿಸಿದಾಗ ಅದು ಒಂಬತ್ತು ಗಂಟೆಯದು, ಜನ ಕೂತು ನೋಡಿದರು. ಆ ಪ್ರಯೋಗದ ಬಗ್ಗೆ ನನಗೆ ಬೇರೆ ತಕರಾರುಗಳಿವೆ, ಮಹಾಭಾರತವನ್ನು ಅದು ಹುಟ್ಟಿದ ನೆಲದಿಂದ ಎತ್ತಿ ಎಲ್ಲರದೂ ಅಂತ ಮಾಡುವಾಗ ಏನೇನು ಉದುರಿಹೋಯಿತು ಅಂತ ನಮ್ಮವರೇ ಸಾಕಷ್ಟು ಬರೆದಿದ್ದಾರೆ, ಅದು ಇಲ್ಲಿ ಬೇಡ. ಉತ್ಸವಗಳಲ್ಲಿ ಸಮಯ ಕಡಿಮೆ ಕೊಡುವುದಕ್ಕೆ ಕಾರಣ ಬಾಡಿಗೆ. ಎಡಿನ್‌ಬರೋ ಫ್ರಿಂಜ್‌ನಂಥ ಕಡೆ ಒಂದೇ ಸಭಾಂಗಣದಲ್ಲಿ ಬೆಳಗಿನಿಂದ ರಾತ್ರಿವರೆಗೆ ಒಂದರ ಹಿಂದೆ ಒಂದು ಪ್ರದರ್ಶನ ಇರುತ್ತವೆ, ಹಾಗಾಗಿ ಎಲ್ಲವೂ ಒಂದು ಗಂಟೆ ಆಸುಪಾಸು. ನಿಮ್ಮ ಉತ್ಸವದಲ್ಲೂ ನಿಮ್ಮ ನಂತರ ಇನ್ನೊಂದು ನಾಟಕ ಇದೆಯಾ ಅಂತ ಕೇಳಿ. ಇದ್ದರೆ ಇಳಿಸಲೇಬೇಕು. ಇಲ್ಲದಿದ್ದರೆ ತೊಂಬತ್ತು ನಿಮಿಷ ಕೇಳಿ, ಕೊಡುತ್ತಾರೆ. ಕತ್ತರಿಸುವಾಗ ಎಲ್ಲ ದೃಶ್ಯದಿಂದಲೂ ಸ್ವಲ್ಪ ಸ್ವಲ್ಪ ತೆಗೆದು ಓಡಿಸಬೇಡಿ. ಒಂದೆರಡು ದೃಶ್ಯವನ್ನು ಪೂರ್ತಿ ಬಿಡಿ, ಉಳಿದವು ತಮ್ಮ ನಡಿಗೆಯಲ್ಲೇ ನಡೆಯಲಿ. ಮಲೆನಾಡಿನ ಮನೆಯ ನಿಧಾನವೇ ಹೋದರೆ ನೀರು ಬಂದು ನುಂಗುವುದಕ್ಕೆ ಅಲ್ಲಿ ಏನಿರುತ್ತದೆ?

ಬದಲಾಯಿಸಿದ್ದು ಸರಿಯಾಯಿತಾ ಅಂತ ನೋಡಲು ಜರ್ಮನಿಯವರೆಗೆ ಕಾಯಬೇಡಿ. ಸಾಗರ, ಶಿವಮೊಗ್ಗದಲ್ಲೇ ಕನ್ನಡ ಬಾರದವರು ಎಷ್ಟು ಜನ ಇದ್ದಾರೆ! ಬ್ಯಾಂಕಿಗೆ ವರ್ಗವಾಗಿ ಬಂದ ಉತ್ತರದವರು, ಆಸ್ಪತ್ರೆಯ ಮಲಯಾಳಿ ನರ್ಸ್‌ಗಳು, ಕಟ್ಟಡ ಕೆಲಸಕ್ಕೆ ಬಂದ ಬಿಹಾರ, ಒಡಿಶಾದ ಹುಡುಗರು. ಅವರನ್ನು ಕರೆದು ಒಂದು ತಾಲೀಮು ತೋರಿಸಿ. ಸರ್‌ಟೈಟಲ್ ಇಲ್ಲದೆ. ಮುಗಿದ ಮೇಲೆ ‘ಅರ್ಥ ಆಯ್ತಾ’ ಅಂತ ಕೇಳಬೇಡಿ, ಎಲ್ಲರೂ ಆಯ್ತು ಅನ್ನುತ್ತಾರೆ. ‘ಏನಾಯಿತು, ಕತೆ ಹೇಳಿ’ ಅನ್ನಿ. ಎಲ್ಲಿ ಅವರ ಕತೆ ನಿಮ್ಮದಕ್ಕಿಂತ ಬೇರೆ ದಾರಿ ಹಿಡಿಯುತ್ತದೋ ಅಲ್ಲಿ ಮಾತ್ರ ಸರ್‌ಟೈಟಲ್ ದುಡಿಯಬೇಕು. ಕೆಲವು ಸಲ ಅವರ ಕತೆ ನಿಮ್ಮದಕ್ಕಿಂತ ಚೆನ್ನಾಗಿರುತ್ತದೆ, ಆಗ ಸುಮ್ಮನೆ ಕದ್ದುಬಿಡಿ.

ಇನ್ನೊಂದು ಸಂಗತಿ ಯಾರೂ ಮೊದಲೇ ಹೇಳುವುದಿಲ್ಲ. ನಿಮ್ಮ ಸಭಾಂಗಣದಲ್ಲಿ ಕನ್ನಡಿಗರೂ ಇರುತ್ತಾರೆ. ಸುದ್ದಿ ಹೇಗೋ ಹಬ್ಬುತ್ತದೆ, ಐಟಿಯವರು, ಓದುವ ಮಕ್ಕಳು, ನೂರಾರು ಕಿಲೋಮೀಟರ್ ರೈಲಲ್ಲಿ ಬಂದು ಕೂರುತ್ತಾರೆ. ಸಂತೋಷದ ವಿಷಯವೇ. ಆದರೆ ಈಗ ನಿಮ್ಮ ಮುಂದೆ ಇಬ್ಬರು ಪ್ರೇಕ್ಷಕರು. ಕನ್ನಡದ ಕಿವಿ ನಟನ ಜೊತೆ ನಗುತ್ತದೆ, ಜರ್ಮನ್ ಕಣ್ಣು ಪರದೆ ಓದಿ ಆಮೇಲೆ ನಗುತ್ತದೆ. ನಟರು, ವಿಶೇಷವಾಗಿ ಅನುಭವ ಕಡಿಮೆ ಇರುವವರು, ಮೊದಲು ನಕ್ಕವರ ಕಡೆ ವಾಲಿಬಿಡುತ್ತಾರೆ. ಹತ್ತು ನಿಮಿಷದಲ್ಲಿ ಇಡೀ ನಾಟಕ ಎಡಗಡೆ ಮೂರನೇ ಸಾಲಿನ ಹದಿನೈದು ಕನ್ನಡಿಗರಿಗೋಸ್ಕರ ನಡೆಯುತ್ತಿರುತ್ತದೆ. ಉಳಿದವರಿಗೆ ಅದು ತಕ್ಷಣ ಗೊತ್ತಾಗುತ್ತದೆ, ಬೇರೆಯವರ ಮನೆ ಮದುವೆಗೆ ಬಂದು ಕೂತ ಹಾಗೆ ಆಗುತ್ತದೆ. ಹೋಗುವ ಮೊದಲೇ ನಟರಿಗೆ ಇದನ್ನು ಹೇಳಿಡಿ.

ಮೌನದ ಬಗ್ಗೆಯೂ ಹೇಳಿಡಿ. ನಮ್ಮಲ್ಲಿ ನಾಟಕದ ಮಧ್ಯೆ ಫೋನು ಹೊಡೆದುಕೊಳ್ಳುತ್ತದೆ, ಮಗು ಅಳುತ್ತದೆ, ಹಿಂದಿನ ಸಾಲಿನಲ್ಲಿ ಒಬ್ಬರು ಇನ್ನೊಬ್ಬರಿಗೆ ಕತೆ ವಿವರಿಸುತ್ತಾರೆ. ನಟನಿಗೆ ಆ ಗದ್ದಲವೇ ಆಸರೆ. ಅಲ್ಲಿ ಕಮಕ್ ಕಿಮಕ್ ಇರುವುದಿಲ್ಲ. ಹುಡುಗರು ಹೆದರಿ ದನಿ ಏರಿಸುತ್ತಾರೆ, ವೇಗ ಹೆಚ್ಚಿಸುತ್ತಾರೆ, ಒಳಗೆ ಬಂದು ‘ಸರ್, ಬಿದ್ದುಹೋಯ್ತು’ ಅನ್ನುತ್ತಾರೆ. ಬಿದ್ದಿರುವುದಿಲ್ಲ, ಜನ ಕೇಳುತ್ತಿರುತ್ತಾರೆ. ಕೊನೆಯಲ್ಲಿ ಚಪ್ಪಾಳೆ ಮಾತ್ರ ನಿಲ್ಲುವುದೇ ಇಲ್ಲ. ಜರ್ಮನಿಯಲ್ಲಿ ನಟರು ಮೂರು ನಾಲ್ಕು ಸಲ ಹೊರಗೆ ಬಂದು ತಲೆ ಬಾಗಿಸಬೇಕಾಗುತ್ತದೆ. ಅದನ್ನೂ ತಾಲೀಮು ಮಾಡಿಕೊಳ್ಳಿ, ಇಲ್ಲದಿದ್ದರೆ ಒಬ್ಬ ಕೈಮುಗಿದು ಒಬ್ಬ ಬಾಗಿ ಒಬ್ಬ ಒಳಗೆ ಓಡಿ ಚೆಲ್ಲಾಪಿಲ್ಲಿ ಆಗುತ್ತದೆ. ಮತ್ತೆ ನಮ್ಮ ಪದ್ಧತಿಯಂತೆ ಮೈಕು ಹಿಡಿದು ‘ತೆರೆಯ ಹಿಂದೆ’ ಅಂತ ಎಲ್ಲರ ಹೆಸರು ಕೂಗಿ ವಂದನಾರ್ಪಣೆ ಮಾಡುವುದು ಅಲ್ಲಿ ಬೇಡ. ಹೆಸರುಗಳು ಕರಪತ್ರದಲ್ಲಿ ಇರುತ್ತವೆ. ಶಾಲು ಹಾರವನ್ನೂ ಮನೆಯಲ್ಲೇ ಬಿಟ್ಟು ಹೋಗಿ.

ಸಾಮಾನಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಮುಳುಗಿದ ಊರಿನ ಮಣ್ಣು ಅಂತ ನೀವು ಚೀಲದಲ್ಲಿ ಮಣ್ಣು ಒಯ್ಯುವ ಯೋಚನೆಯಲ್ಲಿದ್ದರೆ ಬಿಡಿ. ಐರೋಪ್ಯ ಒಕ್ಕೂಟದೊಳಗೆ ಹೊರದೇಶದ ಮಣ್ಣು ತರುವಂತಿಲ್ಲ. ಅಲ್ಲಿಯೇ ಕೇಳಿದರೆ ಎರಡು ಬುಟ್ಟಿ ಮಣ್ಣು ಕೊಡುತ್ತಾರೆ. ಹಸಿ ಸೋಗೆ, ಸೊಪ್ಪು, ಬೀಜ ಬೇಡ. ನವಿಲುಗರಿ ಏನಾದರೂ ಇದ್ದರೆ ಅದನ್ನು ನಮ್ಮ ದೇಶದಿಂದಲೇ ಹೊರಗೆ ಬಿಡುವುದಿಲ್ಲ. ರಂಗದ ಮೇಲೆ 1 ನಿಮಿಷ ದೀಪ ಉರಿಯುವುದಿದ್ದರೂ ಮೊದಲೇ ಬರೆದು ತಿಳಿಸಿ, ಅವರು ಬೆಂಕಿ ನೋಡಿಕೊಳ್ಳುವ ಸಿಬ್ಬಂದಿಯನ್ನು ನಿಲ್ಲಿಸಬೇಕಾಗುತ್ತದೆ. ನೀವು ಒಯ್ಯುವ ಪರದೆ, ಬಟ್ಟೆಗೆ ಬೇಗ ಬೆಂಕಿ ಹತ್ತುವುದಿಲ್ಲ ಅನ್ನುವ ಪ್ರಮಾಣಪತ್ರ ಕೇಳಬಹುದು, ಅಲ್ಲಿ ಅದನ್ನು ಬಿ 1 ದರ್ಜೆ ಅನ್ನುತ್ತಾರೆ. ವಾದ್ಯ, ಸಾಮಾನು ಜಾಸ್ತಿ ಇದ್ದರೆ ಕಾರ್ನೆ ಅನ್ನುವ ತಾತ್ಕಾಲಿಕ ರಫ್ತಿನ ಪತ್ರ ಮಾಡಿಸಿ, ನಮ್ಮಲ್ಲಿ ಅದನ್ನು ಕೊಡುವುದು ವಾಣಿಜ್ಯ ಸಂಸ್ಥೆಗಳ ಒಕ್ಕೂಟವಾದ ಫಿಕ್ಕಿ. ಅದರಲ್ಲಿ ಬರೆದ ಒಂದೊಂದು ಸಾಮಾನೂ ವಾಪಸ್ ಬರಬೇಕು ಅನ್ನುವುದು ನೆನಪಿರಲಿ. ಬೆಂಚು, ಏಣಿ, ಹಗ್ಗ ಅಲ್ಲೇ ಸಿಗುತ್ತವೆ. ಹಂಡೆ, ಕಂಬಳಿ, ಅಡಿಕೆ ಸುಲಿಯುವ ಮೆಟ್ಟುಗತ್ತಿ ಅಲ್ಲಿ ಸಿಗುವುದಿಲ್ಲ, ಅವನ್ನು ಒಯ್ಯಿರಿ. ಮೆಟ್ಟುಗತ್ತಿ ಕೈಚೀಲದಲ್ಲಿ ಬೇಡ, ಹೇಳಬೇಕಾಗಿಲ್ಲ ಅಲ್ವಾ.

ನಾಟಕದ ನಂತರ ಮಾತುಕತೆ ಇಟ್ಟಿರುತ್ತಾರೆ. ಅಲ್ಲಿ ಭಾರತದ ರಾಯಭಾರಿ ಆಗಬೇಡಿ. ‘ನಿಮ್ಮ ದೇಶದಲ್ಲಿ ಹೆಂಗಸರ ಸ್ಥಿತಿ ಹೇಗಿದೆ’, ‘ಜಾತಿ ಈಗಲೂ ಇದೆಯಾ’ ಅಂತ ಕೇಳುತ್ತಾರೆ. ದೇಶವನ್ನು ಸಮರ್ಥಿಸಲೂ ಬೇಡ, ಅವರಿಗೆ ಖುಷಿಯಾಗಲಿ ಅಂತ ಬೈಯಲೂ ಬೇಡ. ನಿಮಗೆ ಗೊತ್ತಿರುವ ಕಣಿವೆಯ ಬಗ್ಗೆ ಮಾತಾಡಿ. ಲಿಂಗನಮಕ್ಕಿ ಕಟ್ಟಿದ್ದು 1964ರಲ್ಲಿ, ಅಲ್ಲಿಂದ ಎದ್ದುಹೋದ ಎಷ್ಟೋ ಕುಟುಂಬಗಳ ಹಕ್ಕುಪತ್ರದ ತಕರಾರು ಇವತ್ತಿಗೂ ಮುಗಿದಿಲ್ಲ, ಆ ಕರೆಂಟು ಉರಿಯುವ ಊರುಗಳಲ್ಲಿ ನಾವೂ ಇದ್ದೇವೆ. ಇಷ್ಟು ಹೇಳಿ. ನಿಮ್ಮ ತಂಡದಲ್ಲಿ ಮುಳುಗಡೆ ಮನೆಯ ಮಕ್ಕಳು ಯಾರಾದರೂ ಇದ್ದರೆ ಅವರೇ ಕನ್ನಡದಲ್ಲಿ ಮಾತಾಡಲಿ, ಪಕ್ಕದಲ್ಲಿ ಒಬ್ಬರು ಅನುವಾದ ಮಾಡಲಿ. ಆಗ ಅಲ್ಲಿನ ನೋಡುಗರೂ ತಮ್ಮ ಮುಳುಗಿದ ಹಳ್ಳಿಯ ಮಾತು ತೆಗೆಯಬಹುದು. ತೆಗೆದರೆ ನೀವು ಕೇಳಿಸಿಕೊಳ್ಳಿ, ‘ನಮ್ಮದು ಅದಕ್ಕಿಂತ ದೊಡ್ಡದು’ ಅನ್ನಬೇಡಿ.

ದುಡ್ಡಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಊಟ, ವಸತಿ, ಸಂಭಾವನೆ ಕೊಡುವ ಉತ್ಸವಗಳು ವಿಮಾನದ ಖರ್ಚು ಕೊಡದೆ ಇರಬಹುದು. ಯಾರು ಏನು ಕೊಡುತ್ತಾರೆ ಅಂತ ಬರಹದಲ್ಲಿ ತಗೊಳ್ಳಿ, ಆಮೇಲೆ ಪ್ರಯಾಣಕ್ಕೆ ಕೇಂದ್ರ ಸರ್ಕಾರದ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತಾದ ಐಸಿಸಿಆರ್‌ಗೋ ಬೆಂಗಳೂರಿನ ಜರ್ಮನ್ ಸಾಂಸ್ಕೃತಿಕ ಕೇಂದ್ರವಾದ ಮ್ಯಾಕ್ಸ್ ಮುಲ್ಲರ್ ಭವನಕ್ಕೋ ಅರ್ಜಿ ಹಾಕಿ ನೋಡಿ. ತಂಡದಲ್ಲಿ ದಿನಗೂಲಿಯವರು ಇದ್ದರೆ ಅವರ ಕೂಲಿ ತಪ್ಪಿದ್ದನ್ನೂ ಖರ್ಚಿನಲ್ಲಿ ಸೇರಿಸಿ. ಪಾಸ್‌ಪೋರ್ಟ್ ಇಲ್ಲದವರು ಇದ್ದೇ ಇರುತ್ತಾರೆ, ಅವರದು ಈ ವಾರವೇ ಶುರುವಾಗಲಿ. ವೀಸಾಕ್ಕೆ ಸಮಯ ಕಾಯ್ದಿರಿಸುವುದನ್ನು ಸರ್‌ಟೈಟಲ್‌ಗಿಂತ ಮೊದಲು ಮಾಡಿ, ಬೇಸಿಗೆ ರಜೆ ಹತ್ತಿರ ಬಂದರೆ ಬೆಂಗಳೂರಿನಲ್ಲಿ ಇಡೀ ತಂಡಕ್ಕೆ ಒಟ್ಟಿಗೆ ದಿನ ಸಿಗುವುದು ಕಷ್ಟ.